ಓಡಿ ಗೆದ್ದ ಗಂಡೋ, ಗೆಲ್ಲುವ ಮರಿ ಕೊಟ್ಟ ಗಂಡೋ?

ಹುಮನಾಬಾದಿನ ಗೆಳೆಯನೊಬ್ಬ ಹೈದರಾಬಾದಿನ ಟ್ರ್ಯಾಕಿನಿಂದ ನಿವೃತ್ತಿಯಾದ ಥರೋಬ್ರೆಡ್ (ರೇಸಿನ ತಳಿ) ಹೆಣ್ಣುಕುದುರೆ ಕೊಂಡಿದ್ದಾನೆ. ಈಗ ಗಂಡಿನ ಹುಡುಕಾಟ. ಕೈಯಲ್ಲಿ ಎರಡು ಹೆಸರಿವೆ. ಒಂದು ಕಪ್ ಮೇಲೆ ಕಪ್ ಗೆದ್ದದ್ದು, ಆದರೆ ಮರಿಗಳಿನ್ನೂ ರೇಸಿಗೆ ಇಳಿದಿಲ್ಲ. ಇನ್ನೊಂದು ಕಾಲುನೋವಿಂದ ಬೇಗ ನಿಂತುಹೋದದ್ದು, ಮರಿಗಳು ಮಾತ್ರ ಗೆಲ್ಲುತ್ತಿವೆ.

ನಾನಾದರೆ ಎರಡನೆಯದು. ಅಮೆರಿಕದ ಡ್ಯಾನ್‌ಜಿಗ್ ಎಂಬ ಗಂಡುಕುದುರೆ ಓಡಿದ್ದು ಬರೀ 3 ರೇಸ್. ಮೂರೂ ಗೆದ್ದಿತು, ಮೊಣಕಾಲು ಕೈಕೊಟ್ಟಿತು. ಆದರೂ ದೊಡ್ಡ ತಂದೆಕುದುರೆಗಳ ಸಾಲಿಗೆ ಸೇರಿತು. ಅಲ್ಲಿನದೇ ಸೆಕ್ರೆಟೇರಿಯಟ್ ಎಂಬ ಗಂಡು 1973ರ ಬೆಲ್ಮಾಂಟ್ ರೇಸನ್ನು 31 ಕುದುರೆಯುದ್ದ ಮುಂದಿದ್ದು ಗೆದ್ದಿತ್ತು. ಮಕ್ಕಳು ಅಪ್ಪನ ಮಟ್ಟ ಮುಟ್ಟಲಿಲ್ಲ, ಹೆಣ್ಣುಮಕ್ಕಳ ಮರಿಗಳು ಮಿಂಚಿದವು!

ಹಾಗಂತ ಗೆದ್ದ ಮರಿಗಳ ಲೆಕ್ಕವನ್ನು ಸುಮ್ನೆ ನಂಬಬೇಡಿ. ಒಟ್ಟು ಎಷ್ಟು ಹುಟ್ಟಿದವು ಕೇಳಿ. 200ರಲ್ಲಿ 10 ಬೇರೆ, 40ರಲ್ಲಿ 10 ಬೇರೆ. ತಾಯಿಗಳು ಎಂಥವು ಅಂತಲೂ ನೋಡಿ. ಒಳ್ಳೆ ಎರೆಹೊಲದಲ್ಲಿ ಯಾವ ಜೋಳವಾದರೂ ತೆನೆ ತುಂಬುತ್ತದೆ, ಅಲ್ವಾ?

ಗಂಡು ಕೂಡಿಸುವ ಫೀಸು ತುಂಬಾ ಕಡಿಮೆಯಿದ್ದರೆ ಮೊದಲನೆಯದೂ ಆದೀತು.

ಗೆಳೆಯನ ಕುದುರೆಯ ಮುಂಗಾಲು ಸ್ವಲ್ಪ ಹೊರಕ್ಕೆ ತಿರುಗಿದೆ. ನಡೆಸಿದಾಗ ಗೊರಸು ಅರ್ಧಚಂದ್ರ ಬರೆಯುತ್ತದೆ. ಹಾಗಾಗಿ ನೇರ ಕಾಲಿನ ಗಂಡೇ ಬೇಕು. ಥರೋಬ್ರೆಡ್‌ಗೆ ಕೃತಕ ಗರ್ಭಧಾರಣೆ ಮಾಡಿಸಲು ನಿಯಮ ಬಿಡುವುದಿಲ್ಲ, ಲಾರಿ ಹತ್ತಿಸಿ ಗಂಡು ಇರುವ ಸ್ಟಡ್ ಫಾರ್ಮಿಗೇ ಒಯ್ಯಬೇಕು. ಆಮೇಲೆ ಸುಮಾರು 11 ತಿಂಗಳು ಕಾಯಬೇಕು.