ಜೆರ್ಸಿ ಗಟ್ಟಿ, ಚಿಪ್ಪೂ ಗಟ್ಟಿ. ಲಿಂಕ್ ಮಾತ್ರ ಒಂದೇ ಸೀಸನ್ನಿಗೆ

ನಾನು ಕೊಂಡಿದ್ದು ಇಂಗ್ಲೆಂಡಿನಲ್ಲಿ ನಾವಿರುವ ಊರಿನ ಫುಟ್‌ಬಾಲ್ ಕ್ಲಬ್ಬಿನ ಜೆರ್ಸಿ. ಬೆಲೆ 65 ಪೌಂಡ್. ಕ್ಲಬ್ಬಿನ ಹೆಸರು ಇಲ್ಲಿ ಬೇಡ, ಪಕ್ಕದ ಮನೆಯವರು ಅದರ ಕಟ್ಟಾ ಅಭಿಮಾನಿಗಳು. ಬಟ್ಟೆ, ಅಳತೆ, ಬಣ್ಣದ ವಿವರವೆಲ್ಲ ಅಂಗಡಿಯ ಪುಟದಲ್ಲೇ ಇರುತ್ತದೆ. ನನ್ನ ತಕರಾರು ಇರುವುದು ಎಡಗಡೆಯ ಕೆಳ ಅಂಚಿನಲ್ಲಿ ಹೊಲಿದಿರುವ ಪುಟ್ಟ ಲೇಬಲ್ಲಿನ ಬಗ್ಗೆ. ಅದರೊಳಗೆ ಎನ್‌ಎಫ್‌ಸಿ ಚಿಪ್, ಅಂದರೆ ಫೋನನ್ನು ತೀರಾ ಹತ್ತಿರ ತಂದರೆ ತಂತಿಯಿಲ್ಲದೆ ಓದಬಹುದಾದ ಚಿಪ್ ಇದೆ, ಹಿಂಬದಿಯಲ್ಲಿ ಕ್ಯೂಆರ್ ಕೋಡ್ ಅಚ್ಚಾಗಿದೆ. ಫೋನ್ ತಾಗಿಸಿದರೆ ಕ್ಲಬ್ಬಿನ ಪುಟವೊಂದು ತೆರೆದುಕೊಳ್ಳುತ್ತದೆ.

ಇದೇನೂ ಹೊಸ ಕಲ್ಪನೆಯಲ್ಲ. 2017ರಲ್ಲಿ ನೈಕಿ ಕಂಪನಿ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ತಂಡಗಳ ಉಡುಪಿನ ಹೊಣೆ ಹೊತ್ತಾಗ ಅಭಿಮಾನಿಗಳ ಜೆರ್ಸಿಯ ಅಂಚಿನಲ್ಲಿ ಇಂಥದೇ ಚಿಪ್ ಇಟ್ಟಿತ್ತು. ಆಗ ಅದಕ್ಕೆ ಬೇರೆಯೇ ಆ್ಯಪ್ ಬೇಕಿತ್ತು, ಐಫೋನ್ ಆದರೆ 7 ಅಥವಾ ಅದಕ್ಕಿಂತ ಹೊಸದಿರಬೇಕಿತ್ತು. ಈಗ ಆ್ಯಪಿನ ಗೊಡವೆ ಇಲ್ಲ.

ಕೊಳ್ಳುವಾಗ ಚಿಪ್ಪಿನ ಬಗ್ಗೆ ನನಗೆ ಕಿಂಚಿತ್ತೂ ಆಸೆ ಇರಲಿಲ್ಲ. ಅದು ಮನೆಯ ಶನಿವಾರವನ್ನೇ ಬದಲಾಯಿಸಿತು. ಇಲ್ಲಿ ಶನಿವಾರ ಮಧ್ಯಾಹ್ನ ಪೌಣೆ ಮೂರರಿಂದ ಐದೂಕಾಲರವರೆಗೆ ಫುಟ್‌ಬಾಲ್ ಪಂದ್ಯಗಳ ನೇರಪ್ರಸಾರಕ್ಕೆ ನಿರ್ಬಂಧವಿದೆ. ಜನ ಟಿವಿ ಮುಂದೆ ಕೂತು ಕ್ರೀಡಾಂಗಣ ಖಾಲಿಯಾಗಬಾರದೆಂಬ ಹಳೆಯ ಕಾಳಜಿ ಅದು. ನಾಲ್ವರ ಸಂಸಾರಕ್ಕೆ ಪ್ರತಿ ಸಲ ಟಿಕೆಟ್ ತೆಗೆಯುವುದು ನನ್ನ ಸಂಬಳಕ್ಕೆ ಆಗದ ಮಾತು. ಪರ ಊರಿನ ಪಂದ್ಯವಂತೂ ದೂರವೇ ಉಳಿಯಿತು. ಹೀಗಾಗಿ ಮೂರು ಗಂಟೆಯ ಪಂದ್ಯವೆಂದರೆ ನಮಗೆ ರೇಡಿಯೊ ಮಾತ್ರ.

ಎರಡು ಗಂಟೆಯ ಹೊತ್ತಿಗೆ ಮಗಳು ಜೆರ್ಸಿ ತೊಟ್ಟು ಬಂದು ಅಂಚನ್ನು ಎಳೆದು ಹಿಡಿಯುತ್ತಾಳೆ, ನಾನು ಫೋನಿನ ಮೇಲ್ತುದಿಯನ್ನು ಲೇಬಲ್ಲಿಗೆ ತಾಗಿಸುತ್ತೇನೆ. ಮಧ್ಯಭಾಗ ತಾಗಿಸಿದರೆ ಏನೂ ಆಗುವುದಿಲ್ಲ. ಮೂರ್ನಾಲ್ಕು ಸೆಂಟಿಮೀಟರ್ ದೂರ ಸರಿದರೂ ಚಿಪ್ ಓಗೊಡುವುದಿಲ್ಲ. ತಾಗಿತೆಂದರೆ ಆ ದಿನದ ವಿಡಿಯೊ ಬರುತ್ತದೆ: ಡ್ರೆಸಿಂಗ್ ಕೋಣೆಯಲ್ಲಿ ಕಿಟ್ ನೋಡಿಕೊಳ್ಳುವ ವಯಸ್ಸಾದ ವ್ಯಕ್ತಿ ಒಂದೊಂದೇ ಜೆರ್ಸಿಯನ್ನು ಗೂಟಕ್ಕೆ ತೂಗುಹಾಕುತ್ತಾರೆ. ಹಿನ್ನೆಲೆ ಸಂಗೀತವಿಲ್ಲ, ನಿರೂಪಣೆಯೂ ಇಲ್ಲ. ಹ್ಯಾಂಗರ್ ಗೂಟಕ್ಕೆ ಬಡಿಯುವ ಸದ್ದು, ಬೂಟುಗಳನ್ನು ಜೋಡಿಸುವ ಸದ್ದು, ನಡುನಡುವೆ ಅವರ ಕೆಮ್ಮು. ತೋಳಿನ ಮೇಲೆ ಸುಕ್ಕು ಕಂಡರೆ ಅಂಗೈಯಿಂದ ತೀಡಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ ಮುಂದಿನದಕ್ಕೆ ಹೋಗುತ್ತಾರೆ. ತಂಡದ ಪಟ್ಟಿ ಅಧಿಕೃತವಾಗಿ ಬರುವ ಮೊದಲೇ ಯಾರ ಜೆರ್ಸಿ ತೂಗಿದೆ, ಯಾರದಿಲ್ಲ ಎಂದು ನಮಗೆ ಗೊತ್ತಾಗಿಬಿಡುತ್ತಿತ್ತು. ಕ್ಲಬ್ಬಿನವರು ಬೇರೆ ಏನೇನೋ ತುಂಬಿದ್ದರು, ರಸಪ್ರಶ್ನೆ, ಆಟಗಾರರ ನೆಚ್ಚಿನ ಹಾಡುಗಳು ಇತ್ಯಾದಿ. ಅವನ್ನು ನಾವು ತೆರೆದು ನೋಡಲೇ ಇಲ್ಲ.

ಊರಿಗೆ ಹೊರಟಿದ್ದ ಗೆಳೆಯರ ಕೈಯಲ್ಲಿ ಹುಬ್ಬಳ್ಳಿಯಲ್ಲಿರುವ ಅಪ್ಪನಿಗೂ ಒಂದು ಜೆರ್ಸಿ ಕಳಿಸಿದೆ. ಅವರ ಫೋನಿನಲ್ಲಿ ಎನ್‌ಎಫ್‌ಸಿ ಇಲ್ಲ. ಅಗ್ಗದ ಫೋನುಗಳಲ್ಲಿ ಅದನ್ನು ಕೈಬಿಡುವುದು ಸಾಮಾನ್ಯ, ಕ್ಯೂಆರ್ ಅಲ್ಲಿ ಕೆಲಸಕ್ಕೆ ಬಂತು. ಆದರೆ ತರಕಾರಿ ಅಂಗಡಿಯಲ್ಲಿ ದಿನವೂ ಕ್ಯೂಆರ್‌ಗೆ ದುಡ್ಡು ಕಟ್ಟುವ ಅಪ್ಪ ಮೊದಲು ಕೇಳಿದ್ದು, “ಇದನ್ನು ಸ್ಕ್ಯಾನ್ ಮಾಡಿದರೆ ಖಾತೆಯಿಂದ ಏನೂ ಹೋಗುವುದಿಲ್ಲ ತಾನೇ?” ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವರಿಗೂ ಗೀಳು ಹತ್ತಿತು. ಚಳಿಗಾಲದಲ್ಲಿ ನಮ್ಮ ಎರಡು ಗಂಟೆಯೆಂದರೆ ಅಲ್ಲಿ ಸಂಜೆ ಏಳೂವರೆ. ವಿಡಿಯೊ ನೋಡಿ ಕೂಡಲೇ ಫೋನ್ ಮಾಡಿ, “ಇವತ್ತು ಒಂಬತ್ತನೇ ನಂಬರಿನವನು ಇಲ್ಲ, ಕಾಲಿಗೇನಾದರೂ ಆಯಿತೇ?” ಎನ್ನುವರು. ಫುಟ್‌ಬಾಲ್ ನಿಯಮ ಅವರಿಗೆ ಇಂದಿಗೂ ಅರ್ಧಂಬರ್ಧ.

ಇಷ್ಟು ಹೊತ್ತಿಗೆ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ.

ಬೇಸಿಗೆಯಲ್ಲಿ ಹೊಸ ಸೀಸನ್ನಿನ ಜೆರ್ಸಿ ಬಿಡುಗಡೆಯಾಯಿತು. ಆಗಸ್ಟಿನ ಮೊದಲ ಶನಿವಾರ ಎಂದಿನಂತೆ ಫೋನ್ ತಾಗಿಸಿದೆವು. ಬಂದದ್ದು ಹೊಸ ಜೆರ್ಸಿಯ ಚಿತ್ರ, ಬೆಲೆ, ‘ಈಗಲೇ ಕೊಳ್ಳಿ’ ಎಂಬ ಗುಂಡಿ. ಹಳೆಯ ವಿಡಿಯೊಗಳೂ ಮಾಯ. ಕ್ಲಬ್ಬಿಗೆ ಬರೆದೆ. ಆಯಾ ಸೀಸನ್ನಿನ ಸೌಲಭ್ಯ ಆಯಾ ಸೀಸನ್ನಿನ ಜೆರ್ಸಿಗೆ ಮಾತ್ರ ಎಂಬ ನಯವಾದ ಉತ್ತರ ಬಂತು. ಕೊಳ್ಳುವಾಗ ಲೇಬಲ್ಲಿನಲ್ಲಾಗಲಿ ರಸೀದಿಯಲ್ಲಾಗಲಿ ಈ ಗಡುವಿನ ಸುಳಿವಿರಲಿಲ್ಲ.

ಸಿಟ್ಟು ಬರುವುದು ಇದಕ್ಕೇ. ಕೆಟ್ಟದ್ದು ಚಿಪ್ ಅಲ್ಲ. ಅದಕ್ಕೆ ಬ್ಯಾಟರಿಯೇ ಇಲ್ಲ, ಓದುವ ಕ್ಷಣದಲ್ಲಿ ಫೋನಿನಿಂದಲೇ ಶಕ್ತಿ ಪಡೆಯುತ್ತದೆ. ವಾಷಿಂಗ್ ಮೆಷಿನ್ನಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಸುತ್ತಿ ಬಂದರೂ ಇಂದಿಗೂ ತಾಗಿಸಿದ ಕೂಡಲೇ ಪುಟ ತೆರೆಯುತ್ತದೆ. ಅಪ್ಪನ ಜೆರ್ಸಿಯ ಕ್ಯೂಆರ್ ಮಡಿಕೆಯ ಜಾಗದಲ್ಲಿ ಬಿಳಿಚಿಕೊಂಡಿದ್ದರೂ ಓದಲು ಬರುತ್ತದೆ, ಸ್ವಲ್ಪ ಅಳಿಸಿಹೋದರೂ ಉಳಿದದ್ದರಿಂದ ಸರಿಪಡಿಸಿಕೊಳ್ಳುವ ಏರ್ಪಾಡು ಆ ಕೋಡಿನಲ್ಲೇ ಇದೆ. ಎರಡರೊಳಗೂ ವಿಡಿಯೊ ಇರುವುದಿಲ್ಲ, ಒಂದು ವಿಳಾಸ ಮಾತ್ರ ಇರುತ್ತದೆ. ಆ ವಿಳಾಸದ ಕಡೆ ಏನಿಡಬೇಕೆಂಬುದು ಪೂರ್ತಿ ಅವರ ಕೈಯಲ್ಲಿದೆ. ಕೊಂಡದ್ದು ನನ್ನ ಬಟ್ಟೆ, ಅದರ ಅಂಚಿನಲ್ಲಿ ಅವರ ಅಂಗಡಿಯ ಬಾಗಿಲು.

ಪ್ರತಿ ವರ್ಷ ಹೊಸ ಜೆರ್ಸಿ ಕೊಳ್ಳುವವರಾದರೆ ಧೈರ್ಯವಾಗಿ ಕೊಳ್ಳಿ, ಕಿಟ್ ಕೋಣೆಯ ವಿಡಿಯೊಗೇ ಹಣ ಸಾರ್ಥಕ. ಒಂದೇ ಜೆರ್ಸಿಯನ್ನು ತೋಳು ಬಣ್ಣಗೆಡುವವರೆಗೆ ತೊಡುವ ನಮ್ಮಂಥವರಾದರೆ ಸೀಸನ್ನಿನ ಕೊನೆಯ ರಿಯಾಯಿತಿಯವರೆಗೆ ಕಾಯಿರಿ. ಬಟ್ಟೆ ಅದೇ, ಬೆಲೆ ಕಡಿಮೆ, ಲಿಂಕ್ ಹೇಗೂ ಸಾಯುವುದೇ. ಬಟ್ಟೆಗೆ ನಾಲ್ಕು, ಚಿಪ್ಪಿಗೆ ಐದು, ಕ್ಲಬ್ಬಿನ ನಡವಳಿಕೆಗೆ ಒಂದು. ಅಪ್ಪನಿಗೆ ಇನ್ನೂ ವಿಷಯ ತಿಳಿಸಿಲ್ಲ. ಸರ್ವರ್ ಸರಿಯಿಲ್ಲ ಎಂದು ಹೇಳಿದ್ದೇನೆ, ಅವರು ಪ್ರತಿ ಶನಿವಾರ ಸ್ಕ್ಯಾನ್ ಮಾಡಿ, ಇನ್ನೂ ಜೆರ್ಸಿ ಮಾರುತ್ತಲೇ ಇದ್ದಾರಲ್ಲ ಎಂದು ಬೈಯುತ್ತಾರೆ.