ಎಣ್ಣೆ ಚೆನ್ನಾಗಿತ್ತು, ಕಾಗದ ಇರಲಿಲ್ಲ: ಕುಮಟಾ ಕಡೆಯ ಪಂಚಕರ್ಮ ಕೇಂದ್ರವೊಂದರಲ್ಲಿ ಏಳು ದಿನ

ನಮ್ಮ ಆಯಿಗೆ (ಅಮ್ಮನಿಗೆ) ಈಗ 76 ವರ್ಷ. ಶಿರಸಿ ಸೀಮೆಯ ಅಡಿಕೆ ಮನೆಗಳಲ್ಲಿ ಬಾಳಿದ ಬಹುತೇಕ ಹೆಂಗಸರಂತೆ ಅವರ ಮೊಣಕಾಲುಗಳೂ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತೇ ಸವೆದಿವೆ. ಮೂಳೆ ತಜ್ಞರು ಶಸ್ತ್ರಚಿಕಿತ್ಸೆಯ ಮಾತೆತ್ತಿದರೂ ಆಯಿ ಒಪ್ಪಲಿಲ್ಲವಾದ್ದರಿಂದ, ಮಳೆಗಾಲ ಕಳೆದ ಮೇಲೆ ಘಟ್ಟ ಇಳಿದು, ಕುಮಟಾ ಮತ್ತು ಗೋಕರ್ಣದ ನಡುವೆ ಹೆದ್ದಾರಿಯಿಂದ ತುಸು ಒಳಗಿರುವ ಪಂಚಕರ್ಮ ಕೇಂದ್ರವೊಂದರಲ್ಲಿ ಏಳು ದಿನ ಉಳಿದೆವು. ಆರೋಗ್ಯ ಇಲಾಖೆಯ ಕಡತಗಳನ್ನು ನೋಡುತ್ತಲೇ ನಿವೃತ್ತನಾದವನು ನಾನು. ಹಾಗಾಗಿ ಇಲ್ಲಿ ಎಣ್ಣೆಯ ಮಾತಿನಷ್ಟೇ ಕಾಗದದ ಮಾತೂ ಬರುತ್ತದೆ. ಪತ್ರ ಬರೆದು ಕೇಳಿರುವ ಪ್ರಶ್ನೆಗಳಿಗೆ ಕೇಂದ್ರದವರ ಪೂರ್ಣ ಉತ್ತರ ಇನ್ನೂ ಬರಬೇಕಿರುವುದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ದೂರಲು ಏನೂ ಇಲ್ಲ. ದಿನವೂ ಬೆಳಿಗ್ಗೆ ಅಭ್ಯಂಗ, ಬಳಿಕ ಲೆಕ್ಕಿ ಸೊಪ್ಪಿನ ಕಿಳಿ (ಬಿಸಿ ಗಂಟಿನ ಶಾಖ), ಕೊನೆಗೆ ಮೊಣಕಾಲಿನ ಮೇಲೆ ಎಣ್ಣೆ ನಿಲ್ಲಿಸುವ ಜಾನುಬಸ್ತಿ. ಚಿಕಿತ್ಸೆ ಮಾಡುತ್ತಿದ್ದ ಹೆಣ್ಣುಮಗಳು ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಮೊಣಕಾಲಿನ ಸುತ್ತ ಕಟ್ಟೆ ಕಟ್ಟಿ, ಒದ್ದೆ ಬೆರಳಿನಿಂದ ಅಂಚನ್ನು ಒತ್ತಿ ಎಲ್ಲಿಯೂ ಸೋರದಂತೆ ನೋಡಿಕೊಂಡು, ಬೆಚ್ಚಗಿನ ತೈಲವನ್ನು ಮೊದಲು ತನ್ನ ಮುಂಗೈ ಮೇಲೆ ಬಿಟ್ಟು ಬಿಸಿ ನೋಡಿದ ನಂತರವೇ ಒಳಗೆ ಸುರಿಯುತ್ತಿದ್ದರು. ತಣಿದ ಎಣ್ಣೆಯನ್ನು ಹತ್ತಿಯಲ್ಲಿ ಹೀರಿ ತೆಗೆದು ಮತ್ತೆ ಬಿಸಿ ಎಣ್ಣೆ ತುಂಬುತ್ತಿದ್ದರು. ಅರ್ಧ ಗಂಟೆ ಪಕ್ಕದಿಂದ ಕದಲುತ್ತಿರಲಿಲ್ಲ. ಐದನೆಯ ದಿನ ಆಯಿ ಕೈಯಾಸರೆಯಿಲ್ಲದೆ ಮೂರು ಮೆಟ್ಟಿಲು ಇಳಿದರು. ಗಂಜಿ ಊಟ ಸಪ್ಪೆ, ಕೋಣೆ ಚೊಕ್ಕಟ.

ತೊಡಕು ಇರುವುದು ಗೋಡೆಯಲ್ಲಿ. ಸ್ವಾಗತ ಕೋಣೆಯಲ್ಲಿ ಗ್ರಾಮ ಪಂಚಾಯಿತಿಯ ವ್ಯಾಪಾರ ಪರವಾನಗಿಗೆ ಚೌಕಟ್ಟು ಹಾಕಿ ತೂಗುಬಿಟ್ಟಿದ್ದರು. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ಇರಬೇಕಾದ ಕೆಪಿಎಂಇ ನೋಂದಣಿಯ ಸಂಖ್ಯೆ ಮಾತ್ರ ಎಲ್ಲಿಯೂ ಕಾಣಲಿಲ್ಲ. ಕೇಳಿದಾಗ ವ್ಯವಸ್ಥಾಪಕರು, ‘ಇದು ಆಸ್ಪತ್ರೆಯಲ್ಲ ಸರ್, ವೆಲ್‌ನೆಸ್ ಕೇಂದ್ರ’ ಎಂದರು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 (ಅದೇ ಕೆಪಿಎಂಇ ಕಾಯ್ದೆ) ಈ ನುಣುಚುವಿಕೆಯನ್ನು ಮೊದಲೇ ಊಹಿಸಿದಂತಿದೆ: ರೋಗ ಪತ್ತೆ, ತಡೆ, ಶಮನ ಅಥವಾ ಪುನಶ್ಚೇತನದ ಚಿಕಿತ್ಸೆ ದೊರೆಯುವ ಸ್ಥಳವನ್ನು ಯಾವ ಹೆಸರಿನಿಂದ ಕರೆದರೂ ಅದು ವೈದ್ಯಕೀಯ ಸಂಸ್ಥೆಯೇ, ಮತ್ತು ಆಯುರ್ವೇದ ಅದರ ಹೊರಗಿಲ್ಲ. ನಾಡಿ ನೋಡಿ, ಹಳೆಯ ಎಕ್ಸ್‌ರೇ ಬೆಳಕಿಗೆ ಹಿಡಿದು, ಏಳು ದಿನದ ಚಿಕಿತ್ಸಾಕ್ರಮವನ್ನು ವೈದ್ಯರೇ ಬರೆದುಕೊಟ್ಟ ಮೇಲೆ ಅದು ಬರೀ ಮೈ ತಿಕ್ಕುವ ಮನೆಯಾಗಿ ಉಳಿಯುವುದಿಲ್ಲ. ಫಲಕದಲ್ಲಿ ನೋಂದಣಿ ಸಂಖ್ಯೆ ಇರಬೇಕೆಂಬ ಸೂಚನೆಯೂ ಇದೆ. ಬೋರ್ಡಿನ ಬಣ್ಣ ಆಯುರ್ವೇದಕ್ಕೆ ಹಸಿರು, ಅಲೋಪತಿಗೆ ನೀಲಿ. ಇವರು ಹಸಿರನ್ನು ಧಾರಾಳವಾಗಿ ಬಳಿದಿದ್ದಾರೆ, ಬಾಗಿಲಿಗೂ ಸಹ.

ಆದರೆ ಬಿಲ್ಲಿಗೆ ಬಂದಾಗ ಇದೇ ಕೇಂದ್ರ ಆಸ್ಪತ್ರೆಯಾಗಿಬಿಡುತ್ತದೆ. ಮಾನ್ಯ ವೈದ್ಯ ಪದ್ಧತಿಯ ಚಿಕಿತ್ಸಾ ಸಂಸ್ಥೆಗಳ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಸೌಂದರ್ಯ ಮತ್ತು ದೇಹಾರೋಗ್ಯದ ಸೇವೆಗಳಿಗೆ ತೆರಿಗೆಯುಂಟು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ರಿಂದ 5ಕ್ಕೆ ಇಳಿದಿದೆಯಷ್ಟೆ. ನಮ್ಮ ಬಿಲ್ಲಿನಲ್ಲಿ ‘ಆರೋಗ್ಯ ಸೇವೆ, ತೆರಿಗೆ ಅನ್ವಯಿಸದು’ ಎಂದು ಮುದ್ರೆಯೊತ್ತಿತ್ತು. ತೆರಿಗೆಯ ಮುಂದೆ ಆಸ್ಪತ್ರೆ, ನೋಂದಣಿಯ ಮುಂದೆ ಮಸಾಜ್ ಮನೆ! ಎರಡರಲ್ಲಿ ಯಾವುದಾದರೂ ಒಂದನ್ನು ಅವರು ಆರಿಸಿಕೊಳ್ಳಲೇಬೇಕು.

ಫೋನಿನಲ್ಲಿ ಹೇಳಿದ್ದು 18,500 ರೂಪಾಯಿ, ಹೊರಡುವಾಗ ಕೊಟ್ಟ ಬಿಲ್ಲು 23,200. ‘ವಿಶೇಷ ತೈಲ’ಕ್ಕೆ 3,500, ‘ಸೇವಾ ಶುಲ್ಕ’ಕ್ಕೆ 1,200 ಸೇರಿಸಿದ್ದರು. ದರಪಟ್ಟಿಯನ್ನು ಕಾಣುವಂತೆ ತೂಗುಹಾಕಬೇಕು, ಪಟ್ಟಿಯಲ್ಲಿ ಇಲ್ಲದ್ದನ್ನು ವಸೂಲು ಮಾಡಬಾರದು ಎಂಬುದೂ ಕೆಪಿಎಂಇ ಕಾಯ್ದೆಯದೇ ಮಾತು. ಇಲ್ಲಿ ಪಟ್ಟಿಯೇ ಇಲ್ಲವಾದ್ದರಿಂದ ಹೋಲಿಸಿ ನೋಡುವ ಪ್ರಶ್ನೆಯೂ ಇರಲಿಲ್ಲ.

ಆ ವಿಶೇಷ ತೈಲ ಬಂದದ್ದು ಚೀಟಿಯಿಲ್ಲದ ಪ್ಲಾಸ್ಟಿಕ್ ಬಾಟಲಿಯಲ್ಲಿ. ಈ ಸಂಗತಿಯಲ್ಲಿ ವೈದ್ಯರಿಗೆ ಅನ್ಯಾಯವಾಗದಂತೆ ಬರೆಯಬೇಕು: ತನ್ನದೇ ರೋಗಿಗಳಿಗಾಗಿ ತಾನೇ ಔಷಧ ತಯಾರಿಸುವ ವೈದ್ಯನಿಗೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿಯೇ ರಿಯಾಯಿತಿ ಇದೆ, ಆಯುರ್ವೇದ ಔಷಧ ಮಾರಲು ಪ್ರತ್ಯೇಕ ಮಾರಾಟ ಲೈಸೆನ್ಸೂ ಬೇಡ. ಆದರೆ ‘ಕೇರಳದಿಂದ ತರಿಸುತ್ತೇವೆ’ ಎಂದು ಅವರೇ ಹೇಳಿದ ಕ್ಷಣಕ್ಕೆ ಆ ರಿಯಾಯಿತಿ ಕೈಬಿಟ್ಟಿತು. ಬೇರೆಯವರು ತಯಾರಿಸಿದ ತೈಲವಾದರೆ ತಯಾರಕರ ಹೆಸರು, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿರುವ ದ್ರವ್ಯಗಳ ಪಟ್ಟಿ ಇವೆಲ್ಲ ಬಾಟಲಿಯ ಮೇಲೆ ಇರಬೇಕು. ಆಯಿಗೆ ರಕ್ತದೊತ್ತಡದ ಮಾತ್ರೆ ನಡೆದಿದೆ. ಮೈಗೆ ಹಚ್ಚುವುದರಲ್ಲಿ ಏನಿದೆ ಎಂದು ತಿಳಿಯಬಯಸುವುದು ಅತಿಯಾದ ಆಸೆಯೇನೂ ಅಲ್ಲ.

ಕರಪತ್ರದ ಬಗ್ಗೆಯೂ ಒಂದು ಮಾತು. ಅದರಲ್ಲಿ ಮಧುಮೇಹ, ಬೊಜ್ಜು, ಲಕ್ವಾ ಮೂರನ್ನೂ ‘ಬುಡಸಮೇತ’ ಗುಣಪಡಿಸುವ ಭರವಸೆ ಇದೆ. ಮೂರೂ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಅನುಸೂಚಿಯಲ್ಲಿವೆ. ಅವುಗಳಿಗೆ ಇಂಥ ಔಷಧವಿದೆ ಎಂದು ಜಾಹೀರಾತು ಕೊಡುವುದೇ ಅಪರಾಧ, ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆಯಾಗಬಹುದು. ಕಾಯ್ದೆ ತಡೆಯುವುದು ಜಾಹೀರಾತನ್ನು, ಚಿಕಿತ್ಸೆಯನ್ನಲ್ಲ. ಲಕ್ವಾ ಹೊಡೆದವರನ್ನು ಅಂಕೋಲೆಯ ಬೇಲಂಬಾರಕ್ಕೆ ಕರೆದೊಯ್ಯುವುದು ನಮ್ಮ ಜಿಲ್ಲೆಯ ಹಳೆಯ ರೂಢಿ, ಅಲ್ಲಿನ ನಾಟಿವೈದ್ಯದ ಹೆಸರು ಹಬ್ಬಿದ್ದು ಬಾಯಿಮಾತಿನಲ್ಲಿ. ಈ ಕೇಂದ್ರಕ್ಕೂ ಅಷ್ಟು ಸಾಕಾಗುತ್ತಿತ್ತು.

ಮನೆಗೆ ಬಂದ ಮೇಲೆ ನೋಂದಣಿ, ದರ ಮತ್ತು ತೈಲದ ಕುರಿತು ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದೆ. ಕೆಪಿಎಂಇ ದೂರನ್ನು ಕೇಳುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿ, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿಯಾಗಿರುವ ಪ್ರಾಧಿಕಾರ. ಹಣದ ವಿಚಾರಕ್ಕೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಈ ಎರಡು ವಿಳಾಸಗಳನ್ನು ಪತ್ರದ ಕೊನೆಗೆ ‘ಪ್ರತಿ’ ಎಂದು ನಮೂದಿಸಿದ್ದರಿಂದಲೋ ಏನೋ, ಹತ್ತನೆಯ ದಿನ ಸೇವಾ ಶುಲ್ಕದ 1,200 ರೂಪಾಯಿ ಖಾತೆಗೆ ಮರಳಿತು. ನೋಂದಣಿಗೆ ‘ಅರ್ಜಿ ಹಾಕುತ್ತಿದ್ದೇವೆ’ ಎಂಬ ಒಂದು ಸಾಲು ಬಂದಿದೆ. ತೈಲದ ಬಗ್ಗೆ ಮೌನ.

ಐದಕ್ಕೆ ಎಷ್ಟು ಅಂಕ ಎಂದರೆ ಕೈಗುಣಕ್ಕೆ ನಾಲ್ಕೂವರೆ, ಕಚೇರಿಗೆ ಒಂದು. ಆಯಿಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಮೊನ್ನೆ ಅಂಗಳದಲ್ಲಿ ನಡೆಯುತ್ತಾ, ಚಿಕಿತ್ಸೆ ಮಾಡಿದ ಹೆಣ್ಣುಮಗಳನ್ನು ನೆನೆದು, ‘ಆ ಕೂಸು ಇನ್ನೂ ಅಲ್ಲೇ ಇದ್ದಾ ಕೇಳು, ಇದ್ರೆ ಮತ್ತೊಂದ್ಸಲ ಹೋಪನ’ ಎಂದರು.