ಬೀದರ್‌ನಿಂದ ಮಾಲು ಕಳಿಸುವವರಿಗೆ ಎಫ್‌ಒಬಿಗಿಂತ ಎಫ್‌ಸಿಎ ವಾಸಿ

ಬಿದ್ರಿ ಹೂಜಿ, ತಟ್ಟೆ, ಡಬ್ಬಿಗಳನ್ನು ಹೊರದೇಶಕ್ಕೆ ಕಳಿಸುವ ನನ್ನಂಥ ಸಣ್ಣ ವ್ಯಾಪಾರಿಗೆ ಎಫ್‌ಸಿಎ (ಗಿರಾಕಿಯ ಸಾಗಣೆದಾರನಿಗೆ ಒಪ್ಪಿದ ಜಾಗದಲ್ಲಿ ಮಾಲು ಒಪ್ಪಿಸಿದರೆ ಮಾರಿದವನ ಹೊಣೆ ಮುಗಿಯಿತು ಎನ್ನುವ ಷರತ್ತು) ಸರಿ. ಮಾಲು ಹಡಗು ಏರುವ ತನಕ ಹೊಣೆ ಹೊರಿಸುವ ಎಫ್‌ಒಬಿಯಲ್ಲಿ ದುಡ್ಡು ಹೋದ ಮೇಲೆ ಹೇಳುತ್ತಿರುವ ಮಾತಿದು. ಇಂಥ ಷರತ್ತುಗಳ ಅಂತರರಾಷ್ಟ್ರೀಯ ಪಟ್ಟಿಯಾದ ಇನ್‌ಕೋಟರ್ಮ್ಸ್ 2020ರಲ್ಲಿ 11 ನಿಯಮಗಳಿವೆ. ನಮ್ಮ ಕೆಲಸಕ್ಕೆ ಬರುವುದು ನಾಲ್ಕೈದು.

ನಮ್ಮ ಕಡೆ ಯಾರನ್ನು ಕೇಳಿದರೂ ಮೊದಲು ಬಾಯಿಗೆ ಬರುವುದು ‘ಎಫ್‌ಒಬಿ ನವಾ ಶೇವಾ’. ಅಂದರೆ ಮುಂಬೈ ಹತ್ತಿರದ ನವಾ ಶೇವಾ ಬಂದರಿನಲ್ಲಿ ಮಾಲು ಹಡಗು ಏರುವವರೆಗೆ ಏನೇ ಆದರೂ ಮಾರಿದವನ ತಲೆ ಮೇಲೆ. ಪೂರಾ ಕಂಟೇನರ್ ತುಂಬಿಸುವ ಬೇಳೆ ವ್ಯಾಪಾರಿಗಳು ಹೇಗೋ ಸುಧಾರಿಸಿಕೊಳ್ಳುತ್ತಾರೆ. ನನ್ನದು ಹತ್ತು ಹದಿನೈದು ಪೆಟ್ಟಿಗೆ. ಬೇರೆಯವರ ಸರಕೂ ಸೇರಿ ಕಂಟೇನರ್ ತುಂಬುವ ತನಕ ಅವು ಬಂದರಿನ ಹತ್ತಿರದ ಸಿಎಫ್‌ಎಸ್ (ಕಂಟೇನರ್ ಸರಕಿನ) ಗೋದಾಮಿನಲ್ಲಿ ಬಿದ್ದಿರುತ್ತವೆ. ಹಡಗು ಬುಕ್ ಮಾಡುವುದು ಗಿರಾಕಿಯ ಏಜೆಂಟ್, ಗೋದಾಮು ಆರಿಸುವವನೂ ಅವನೇ. ಹೊಣೆ ಮಾತ್ರ ನನ್ನದು.

ಮಳೆಗಾಲದಲ್ಲಿ ಜರ್ಮನಿಗೆ ಹೊರಟ ಮಾಲಿಗೆ ಹಾಗೇ ಆಯಿತು. ಹಡಗು ತಡವಾಯಿತು, ಕೆಳಸಾಲಿನ ಪೆಟ್ಟಿಗೆಗಳ ತಳ ನೆನೆಯಿತು. ಒಂದನ್ನು ಬಿಚ್ಚಿ ಏಜೆಂಟ್ ಫೋಟೊ ಕಳಿಸಿದ. ಕೋಟೆಯ ಮಣ್ಣು, ನವಸಾಗರ ಹಾಕಿ ತಂದ ಆ ಕಪ್ಪಿನ ಮೇಲೆ ಸತುವಿನ ಬಿಳಿ ಪುಡಿ ಎದ್ದಿತ್ತು, ಬೆಳ್ಳಿ ತಂತಿಯ ಅಂಚಿನಲ್ಲಿ ಇನ್ನೂ ದಟ್ಟವಾಗಿ. ಗೋದಾಮಿನವರು ‘ಪ್ಯಾಕಿಂಗ್ ಸರಿ ಇರಲಿಲ್ಲ’ ಎಂದರು. ಗಿರಾಕಿ ‘ಇನ್ನೂ ಹಡಗು ಏರಿಲ್ಲವಲ್ಲ’ ಎಂದ. ನಿಯಮದ ಪ್ರಕಾರ ಅವನ ಮಾತೇ ಖರೆ. ಮೇಲೆ ಗೋದಾಮು ಬಾಡಿಗೆಯ ಬಿಲ್ ಬೇರೆ ಬಂತು.

ಈಗ ‘ಎಫ್‌ಸಿಎ ಹೈದರಾಬಾದ್’ ಅಂತ ಬರೆದು ಗಿರಾಕಿಯ ಏಜೆಂಟ್ ಗೋದಾಮಿನ ಪೂರ್ತಿ ವಿಳಾಸ ಹಾಕುತ್ತೇನೆ. ಬೆಳಿಗ್ಗೆ ಬೀದರ್ ಬಿಟ್ಟ ಗಾಡಿ ಮಧ್ಯಾಹ್ನಕ್ಕೆ ಅಲ್ಲಿರುತ್ತದೆ. ಶಿಪ್ಪಿಂಗ್ ಬಿಲ್ (ರಫ್ತಿಗಾಗಿ ಕಸ್ಟಮ್ಸ್‌ಗೆ ಕೊಡುವ ಘೋಷಣೆ), ಕಸ್ಟಮ್ಸ್ ಕೆಲಸ ನನ್ನ ಪಾಲಿಗೇ. ಆದರೆ ಗಾಡಿ ಅವರ ಬಾಗಿಲಿಗೆ ಮುಟ್ಟಿ ಮಾಲು ಒಪ್ಪಿಸಿದ ಮೇಲೆ ಮಳೆ, ಕಳವು, ತಡ ಎಲ್ಲ ಗಿರಾಕಿಯ ಲೆಕ್ಕ. ವಿಮಾನದಲ್ಲಿ ಕಳಿಸಿದರೂ ಇದೇ ನಡೆಯುತ್ತದೆ. ಎಫ್‌ಒಬಿ ಇರುವುದು ಜಲಮಾರ್ಗಕ್ಕೆ ಮಾತ್ರ. (ಶಿಪ್ಪಿಂಗ್ ಬಿಲ್‌ನಲ್ಲಿ ಎಫ್‌ಒಬಿ ಮೌಲ್ಯ ಕೇಳುತ್ತಾರೆ, ಅದಕ್ಕೆ ಗಾಬರಿ ಬೇಡ. ಅದು ಕಸ್ಟಮ್ಸ್ ಲೆಕ್ಕಕ್ಕೆ, ಒಪ್ಪಂದಕ್ಕಲ್ಲ.)

ಎಫ್‌ಸಿಎಯಲ್ಲಿ ತೊಡಕು ಒಂದೇ: ಎಲ್‌ಸಿ (ಕಾಗದ ಸರಿಯಿದ್ದರೆ ದುಡ್ಡು ಕೊಡುವೆವೆಂಬ ಬ್ಯಾಂಕಿನ ಖಾತರಿ ಪತ್ರ) ಇದ್ದರೆ ಬ್ಯಾಂಕಿನವರು ‘ಆನ್ ಬೋರ್ಡ್’, ಅಂದರೆ ಮಾಲು ಹಡಗು ಏರಿದೆ ಎಂದು ಬರೆದ ಬಿಲ್ ಆಫ್ ಲೇಡಿಂಗ್ (ಸಾಗಣೆದಾರ ಕೊಡುವ ಸರಕಿನ ರಸೀತಿ) ಕೇಳುತ್ತಾರೆ; ನಾವು ಮಾಲು ಒಪ್ಪಿಸುವುದು ಅದಕ್ಕೂ ಮೊದಲೇ. ಗಿರಾಕಿ ತನ್ನ ಸಾಗಣೆದಾರನಿಗೆ ಹೇಳಿ ಅದನ್ನು ಕೊಡಿಸಲಿ ಎಂದು ಮೊದಲೇ ಬರೆಸಿಕೊಳ್ಳಲು 2020ರ ನಿಯಮದಲ್ಲಿ ದಾರಿಯಿದೆ. ನಾನು ಅರ್ಧ ಮುಂಗಡ ತೆಗೆದುಕೊಳ್ಳುವವನು, ಎಲ್‌ಸಿಯ ಗೋಜಿಗೇ ಹೋಗುವುದಿಲ್ಲ.

ಎಕ್ಸ್‌ವರ್ಕ್ಸ್ ಸುಲಭ ಅನಿಸುತ್ತದೆ, ಅಂಗಡಿ ಬಾಗಿಲಲ್ಲೇ ಕೈತೊಳೆದುಕೊಳ್ಳಬಹುದು. ಆದರೆ ಅದರಲ್ಲಿ ರಫ್ತಿನ ಕಾಗದಪತ್ರ ಗಿರಾಕಿಯ ಪಾಲಿಗೆ. ಜಿಎಸ್‌ಟಿಗೂ ಬ್ಯಾಂಕಿಗೂ ರಫ್ತಿನ ಪುರಾವೆ ನನ್ನ ಹೆಸರಿನಲ್ಲೇ ಬೇಕು, ವಿದೇಶದ ಗಿರಾಕಿ ಇಲ್ಲಿ ಅದನ್ನು ಮಾಡಿಸಿಕೊಡುತ್ತಾನೆಯೇ?

ಸಿಐಎಫ್‌ನಲ್ಲಿ ಗಿರಾಕಿಯ ಬಂದರಿನ ತನಕದ ಹಡಗಿನ ಬಾಡಿಗೆ, ವಿಮೆ ನಾವು ಕಟ್ಟಬೇಕು. ವಿಮೆ ಕನಿಷ್ಠದ್ದು, ಕಳವಿಗೆ ದುಡ್ಡು ಬರುವುದಿಲ್ಲ. ಕೊಡಲೇಬೇಕಾದರೆ ಬಾಡಿಗೆ, ವಿಮೆ ಎರಡೂ ಇರುವ ಇನ್ನೊಂದು ಷರತ್ತು ಸಿಐಪಿ ಕೊಡಿ, ಅದರ ವಿಮೆ ವಿಸ್ತಾರ.

ಡಿಡಿಪಿ (ಅಲ್ಲಿನ ಆಮದು ಸುಂಕವನ್ನೂ ಕಟ್ಟಿ ಗಿರಾಕಿಗೆ ಮುಟ್ಟಿಸುವುದು) ಬೇಡವೇ ಬೇಡ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಹಲವು ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಡಿಡಿಪಿಯಲ್ಲಿ ಅಂಥ ಸುಂಕ ಕಟ್ಟುವವನು ಮಾರಿದವನೇ.

ತಿಂಗಳಿಗೊಂದು ಕಂಟೇನರ್ ಕಳಿಸುವವರಿಗೆ, ಮುಂಬೈಯಲ್ಲಿ ಸ್ವಂತ ಏಜೆಂಟ್ ಇರುವವರಿಗೆ ಎಫ್‌ಒಬಿ ಭಾರ ಅನಿಸದಿರಬಹುದು. ನನ್ನ ಬಂಡವಾಳಕ್ಕೆ ಹೈದರಾಬಾದ್ ತನಕದ ಜವಾಬ್ದಾರಿಯೇ ಸಾಕು. ಎಫ್‌ಒಬಿ ಕೇಳುವ ಗಿರಾಕಿಗೆ ಎರಡು ದರ ಬರೆದು ಕಳಿಸುತ್ತೇನೆ. ಎಫ್‌ಸಿಎ ದರ ಕಡಿಮೆ ಇರುತ್ತದೆ, ಹೆಚ್ಚಿನವರು ಅದನ್ನೇ ಒಪ್ಪುತ್ತಾರೆ.